ಪಾಲು

ಆಫೀಸಿನವರು ಗುಜರಿಗೆ ಹಾಕಲಿದ್ದ ಕಂಪ್ಯೂಟರನ್ನು
ಮೇಟ್ರನ್ ಕಾರ್ತ್ಯಾಯನಿಯಮ್ಮ ಕಾಡಿ ಬೇಡಿ ತಂದರು.
ವಿದ್ಯಾನಗರದ ಹುಡುಗಿಯರ ಹಾಸ್ಟೆಲು, ಹನ್ನೆರಡನೇ ಕೋಣೆ.
ಕಿಟಕಿಯ ಪಕ್ಕ ಅದಕ್ಕೆ,
ಉಳಿದ ಜಾಗ ನಮಗೆ ನಾಲ್ವರಿಗೆ.
ಸ್ವಿಚ್ಚಿನ ಪೆಟ್ಟಿಗೆ ಸೊಳ್ಳೆಪರದೆಯ ಮೊಳೆಗೆ;
ನೀಲಿ ಕೇಬಲ್ಲು ಬಟ್ಟೆ ಒಣಹಾಕುವ ಹಗ್ಗದ ಬೆನ್ನು ಹಿಡಿದು
ಕಾರಿಡಾರಿನುದ್ದ ಐದು ಕೋಣೆಗೆ.
ಒದ್ದೆ ಚೂಡಿದಾರಗಳ ಕೆಳಗೆ ತಲೆ ತಗ್ಗಿಸಿ ಹೋದರೆ
ಇಂಟರ್ನೆಟ್ಟು.

ಈಗ ಇದರೊಳಗೆ ಯಾರನ್ನು ಕೂರಿಸುವುದು?

ಪ್ರಜಿಷಚೇಚಿ ಮಂಗಳೂರಿನಿಂದ ತಂದ ಸೀಡಿ.
ಅದರ ಮೇಲೆ ಬಾಲ್‌ಪೆನ್ನಿನ ಇಪ್ಪತ್ತೈದು ಅಕ್ಷರ,
ಒಂದು ಬೆವರಿಗೆ ಮಾಸಿದೆ:
ಎಂಟೋ, ಬಿಯೋ.
ಎರಡನ್ನೂ ಹಾಕಿ ನೋಡಿದರಾಯಿತು ಎಂದಳು,
ಊರೆಲ್ಲ ಹಾಕುವುದು ಇದನ್ನೇ.
"ಕದ್ದದ್ದರಲ್ಲಿ ಬರೆದು ಪಾಸಾದರೆ
ಆ ಮಾರ್ಕು ಹಲಾಲಾ?" ಸಫೂರ ನಕ್ಕಳು,
ನಗುತ್ತಲೇ ಸೀಡಿಯನ್ನು ದುಪಟ್ಟಾದಲ್ಲಿ ಒರೆಸಿಕೊಟ್ಟಳು.

ನನ್ನ ಬಳಿ ಇನ್ನೊಂದಿತ್ತು.
ಪೆರ್ಲದ ಶಾಲೆಯಲ್ಲಿ ಒಂಬತ್ತನೇ ಕ್ಲಾಸು,
ಪೇಪರಿನ ಲಕ್ಕೋಟೆಯಲ್ಲಿಟ್ಟು ಕೊಟ್ಟಿದ್ದರು ಈಶ್ವರ ಮಾಷ್ಟ್ರು:
"ಪ್ರತಿ ಮಾಡು, ಕೇಳಿದವರಿಗೆ ಕೊಡು.
ಉಪ್ಪು ಕಡ ಕೊಟ್ಟ ಹಾಗಲ್ಲ ಇದು,
ಕೊಟ್ಟಷ್ಟೂ ನಮ್ಮ ಭರಣಿಯಲ್ಲಿ ಹಾಗೇ ಇರ್ತದೆ."
ಮೂರು ವರ್ಷ ಸಸ್ಯಶಾಸ್ತ್ರದ ರೆಕಾರ್ಡಿನೊಳಗೆ
ಒಣಗಿಸಿಟ್ಟ ಎಲೆಯ ಜೊತೆ ಇಟ್ಟುಕೊಂಡಿದ್ದೆ.

"ಅದಕ್ಕೆ ಪ್ರಿಂಟರ್ ಆಗ್ಲಿಕ್ಕಿಲ್ಲ ಮಾರಾಯ್ತಿ,
ಸ್ಕಾಲರ್‌ಶಿಪ್ಪಿನ ಫಾರಂ ತೆರೆಯಲಿಕ್ಕಿಲ್ಲ," ಶೈನಿ ಕ್ರಾಸ್ತಾ.
ನಿಜ. ಸುಳ್ಳು ಹೇಳಿ ಗೆಲ್ಲಲು ಮನಸ್ಸಾಗಲಿಲ್ಲ.
ಇದಕ್ಕೆ ವೈರಸ್ಸಿಲ್ಲ, ಎಂದೆ ಸಣ್ಣಗೆ.
ವರ ಕುಡಿಯುವುದಿಲ್ಲ ಎಂದ ಹಾಗಾಯಿತು,
ಕೆಲಸ ಏನು ಮಾಡ್ತಾನೆ ಎಂದು ಕೇಳಿದವರಿಗೆ.

ಎರಡು ರಾತ್ರಿ ಜಗಳ. ಮೂರನೆಯ ಸಂಜೆ ಒಪ್ಪಂದ:
ಇಬ್ಬರೂ ಇರಲಿ, ಪಾಲು ಮಾಡು.

ಚೇಚಿಯದು ಹಾಕಿದ್ದಾಯಿತು (ಬಿ ಅಲ್ಲ, ಎಂಟು).
ನನ್ನದನ್ನು ತುರುಕಿ ಕಾದು ಕೂತಾಗ
ಊಟದ ಗಂಟೆ. ಮೀನು ಮುಗಿಯುವ ಮೊದಲು
ಎಲ್ಲರೂ ಓಡಿದರು.
ಪರದೆಯ ಮೇಲೆ ಭಾಷೆಗಳ ಪಟ್ಟಿ.
ಒಬ್ಬಳೇ ಇದ್ದೆ.
ಕನ್ನಡ ಒತ್ತಿದೆ.

ತಿರುಗಿ ಬಂದವರು ಬೈದರು, ಆಮೇಲೆ
ಗುಂಡಿ ಗುಂಡಿಗೂ ಅರ್ಥ ಕೇಳಿದರು.
ಕಡತ ಅಂದರೆ ಫೈಲು ಎಂದೆ.
"ಕಡಮಾ?" ಸಫೂರ ಕಣ್ಣರಳಿಸಿದಳು,
"ಆರ್ಕ್ ಕೊಡುಕ್ಕಾನ್?"
ಯಾರಿಗೆ ತೀರಿಸಬೇಕು? ಮಾಷ್ಟ್ರ ನೆನಪಾಗಿ ಸುಮ್ಮನಿದ್ದೆ.

ನಲವತ್ತು ಜೀಬಿಯ ಒಂದು ಉದ್ದ ಪಟ್ಟಿ,
ನಡುವೆ ಒಂದು ಗೆರೆ, ಮೌಸಿಗೆ ಸಿಕ್ಕುವಂಥದ್ದು.
ಎಳೆದೆ. ಆಚೆ. ಈಚೆ. ಮತ್ತೆ ಒಂಚೂರು ಆಚೆ.
ಹೆಗಲ ಮೇಲೆ ಮೂರು ಗಲ್ಲ, ಬಾಯಲ್ಲಿ ಮತ್ತಿಯ ವಾಸನೆ:
ನನ್ನ ಪಾಟುಗಳಿಗೆ ಜಾಗ ಬಿಡು,
ಸಾಕು, ಅಲ್ಲ, ಇನ್ನೂ ಸ್ವಲ್ಪ.

ಅಡ್ಕಸ್ಥಳದಲ್ಲಿ ನನ್ನ ಅತ್ತೆಯ ಮೊಬೈಲು
ಅಡುಗೆಮನೆಯಲ್ಲಿ ಕೇರಳ, ಜಗಲಿಗೆ ಬಂದರೆ ಕರ್ನಾಟಕ.
ರೋಮಿಂಗಿಗೆ ದುಡ್ಡು ಹೋಗುತ್ತದೆಂದು
ಎಲ್ಲ ಮಾತನ್ನೂ ಹೊಗೆಯೊಳಗೆ ನಿಂತೇ ಆಡುತ್ತಾಳೆ.
ಅಲ್ಲಿ ಗೆರೆ ಎಳೆದವರು ಹೀಗೆ ಕೈ ತಡೆದು
ಹಿಂದೆ ನಿಂತವರನ್ನು ಕೇಳಿದ್ದರೋ ಏನೋ,
ನಮ್ಮ ಪಾಠದಲ್ಲಿ ಇರಲಿಲ್ಲ.

ಹದಿನೆಂಟು, ಇಪ್ಪತ್ತೆರಡು. ಯಾರಿಗೆ ಹೆಚ್ಚು ಎಂದು ಹೇಳುವುದಿಲ್ಲ.

ಪ್ರಿಂಟರ್ ಕೊನೆಗೂ ನನ್ನ ಕಡೆ ಮಾತಾಡಲಿಲ್ಲ.
ನುಳ್ಳಿಪ್ಪಾಡಿಯ ಅಂಗಡಿಗೆ ಪೆನ್‌ಡ್ರೈವ್ ಒಯ್ದು
ಹಾಳೆಗೆ ಎರಡು ರೂಪಾಯಿ ಕೊಟ್ಟು,
ಜೊತೆಗೆ ಅವನ ಅಂಗಡಿಯ ವೈರಸ್ಸನ್ನು ಹೊತ್ತು ಬಂದೆವು;
ಅದು ಚೇಚಿಯ ಪಾಲನ್ನು ತಿಂದಿತು.
ಅಂದಿನಿಂದ ಅವಳೂ ನನ್ನ ಪಾಲಿನಲ್ಲಿ ಬರೆಯುತ್ತಾಳೆ,
ಗುಂಡಿಗಳನ್ನು ಓದುವುದಿಲ್ಲ, ಎಲ್ಲೆಲ್ಲಿವೆಯೆಂದು ಬಲ್ಲಳು.

ತುಲಾ ತಿಂಗಳ ಮಧ್ಯಾಹ್ನ. ಚೆರ್ಕಳದ ಕಡೆ ಗುಡುಗು.
ಮೋಡೆಮಿನ ವಯರು ಕೀಳಲು ಮೇಟ್ರನ್ ಓಡಿದರು.
ಕಾರಿಡಾರಿನ ಆ ತುದಿಯಿಂದ, ಒದ್ದೆ ಬಟ್ಟೆ ಸರಿಸುತ್ತ,
ಕನ್ನಡದ ಒಂದಕ್ಷರ ಓದಲು ಬಾರದ ಚೇಚಿ ಕೂಗಿದಳು:
"ಉಳಿಸೂ! ಎಲ್ಲಾರೂ ಉಳಿಸೂ!"

ಕರೆಂಟು ಹೋಯಿತು.
ನಾನು ಉಳಿಸಿರಲಿಲ್ಲ.